ಗದಗ ಸೀಮೆಯಲ್ಲಿ ಮೂರು ದಿನ: ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ

ಹಿಂದಿನ ವರ್ಷ ನಮ್ಮ ಶಾಲೆಯ ಪ್ರವಾಸದ ಬಸ್ಸು ಮೈಸೂರಿನ ಕಡೆಗೆ ಹೊರಟಾಗ 16 ಮಕ್ಕಳು ಗೇಟಿನ ಬಳಿ ನಿಂತು ಕೈ ಬೀಸಿದ್ದರು. ಅವರೆಲ್ಲ 2,800 ರೂಪಾಯಿ ಹೊಂದಿಸಲಾಗದ ಮನೆಯವರು. ಹೋದವರೂ ನಾಲ್ಕು ರಾತ್ರಿ ಬಸ್ಸಿನಲ್ಲೇ ನಿದ್ದೆಗೆಟ್ಟು, ದಿನಕ್ಕೆ ಐದಾರು ಊರುಗಳನ್ನು ಓಡೋಡಿ ನೋಡಿ ಬಂದು, ಬೇಲೂರಿನ ಗುಡಿ ಯಾವುದು, ಹಳೇಬೀಡಿನದು ಯಾವುದು ಎಂದು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿದರು. ಹಾವೇರಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಗೇಟಿನ ಬಳಿಯ ಆ ಕೈಗಳೂ ತರಗತಿಯ ಈ ಮೌನವೂ ವರ್ಷವಿಡೀ ಮನಸ್ಸನ್ನು ಕೊರೆಯುತ್ತಿದ್ದವು. ಆದ್ದರಿಂದ ಈ ಸಲ ಹತ್ತಿರದ ಜಾಗಗಳಿಗೆ ಹೋಗೋಣ, ಕಡಿಮೆ ನೋಡೋಣ, ನೋಡಿದಲ್ಲಿ ಹೆಚ್ಚು ಹೊತ್ತು ನಿಲ್ಲೋಣ, ಒಂದು ಮಗುವನ್ನೂ ಬಿಟ್ಟು ಹೋಗುವುದು ಬೇಡ ಎಂದು ಸಹೋದ್ಯೋಗಿಗಳನ್ನು ಒಪ್ಪಿಸಿದೆ.

ಪಾಲಕರ ಸಭೆಯಲ್ಲಿ ಗದಗದ ಹೆಸರು ಹೇಳುತ್ತಲೇ ಒಬ್ಬರು ಎದ್ದು ನಿಂತರು. "ಗದಗಕ್ಕ ನಾವು ಉಳ್ಳಾಗಡ್ಡಿ ಮಾರಾಕ ಹೋಗ್ತೀವ್ರೀ ಟೀಚರ. ಅಲ್ಲೇನ್ ನೋಡೂದೈತಿ?" ನನ್ನ ಬಳಿ ಆಗ ಅವರನ್ನು ಒಪ್ಪಿಸುವಂಥ ಉತ್ತರವಿರಲಿಲ್ಲ. ಖರ್ಚು ತಲೆಗೆ 750 ರೂಪಾಯಿ ಎಂದಾಗ ಮಾತ್ರ ಸಭೆ ಒಪ್ಪಿತು. ತರಗತಿಯ 43 ಮಕ್ಕಳಲ್ಲಿ 43 ಮಕ್ಕಳೂ ಹೆಸರು ಬರೆಸಿದರು.

ಮೊದಲ ದಿನ, ಶನಿವಾರ: ಸವಣೂರು, ಲಕ್ಷ್ಮೇಶ್ವರ, ಮಾಗಡಿ ಕೆರೆ

ಡಿಸೆಂಬರಿನ ಚಳಿ ಇನ್ನೂ ಬಿಡದ ಹೊತ್ತಿನಲ್ಲಿ, ಬೆಳಗಿನ ಆರಕ್ಕೆ, ಒಪ್ಪಂದದ ಮೇಲೆ ಪಡೆದ ಸಾರಿಗೆ ಬಸ್ಸಿನಲ್ಲಿ ಹೊರಟೆವು. ಪ್ರತಿ ಮಗುವಿನ ಚೀಲದಲ್ಲೂ ಎರಡು ಹೊತ್ತಿನ ಬುತ್ತಿ ಇತ್ತು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬದನೆಕಾಯಿ ಎಣ್ಣೆಗಾಯಿ. ಮೊದಲ ದಿನದ ಊಟ ಮನೆಯಿಂದಲೇ ಬಂದರೆ ಖರ್ಚೂ ಉಳಿಯುತ್ತದೆ, ಹೊಟ್ಟೆಯೂ ಕೆಡುವುದಿಲ್ಲ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು ಮೊದಲೇ ಕೇಳಿ ತಿಳಿದು ಮುಂದಿನ ಸೀಟುಗಳಲ್ಲಿ ಕೂರಿಸಿದ್ದರಿಂದ ಮೂರು ದಿನವೂ ಬಸ್ಸು ಶುಚಿಯಾಗಿಯೇ ಇತ್ತು.

ಸವಣೂರಿನಲ್ಲಿ ನಿಂತದ್ದು ಮಠದ ಆವರಣದ ದೊಡ್ಡ ಹುಣಸೆಮರಗಳಿಗಾಗಿ. ಹೆಸರಿಗೆ ಹುಣಸೆಯಾದರೂ ಇವು ಆಫ್ರಿಕಾ ಮೂಲದ ಬಾವೋಬಾಬ್ ಮರಗಳು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತ್ತು; ಅದನ್ನು ಎತ್ತಿ ಮತ್ತೆ ನೆಟ್ಟರು. ದೊಡ್ಡ ಮರವನ್ನು ತಬ್ಬಲು ಮಕ್ಕಳು ಕೈಗೆ ಕೈ ಜೋಡಿಸಿಕೊಂಡರು. ಹತ್ತು ಮಕ್ಕಳು ಬೇಕಾಯಿತು. ಗಣಿತದ ಮಾಸ್ತರು ಒಂದು ಹಗ್ಗ ಸುತ್ತಿಸಿ ಅಳೆಸಿದರು, ಸುಮಾರು 14 ಮೀಟರ್ ಬಂತು. "ಒಳಗ ಹೊಕ್ಕು ಅಳೀಲಾರದ ಅಡ್ಡಗಲ ಹೆಂಗ ತಗೀತೀರಿ?" ಎಂದು ಅವರು ಕೇಳಿದಾಗ ಒಂದು ಗಳಿಗೆ ಸುಮ್ಮನಿದ್ದ ಗುಂಪಿನಿಂದ "ಪೈ!" ಎಂಬ ಕೂಗು ಬಂತು. ನೆಲದ ಮೇಲೆ ಕಡ್ಡಿಯಿಂದ ಭಾಗಾಕಾರ ಮಾಡಿ ನಾಲ್ಕೂವರೆ ಮೀಟರ್ ಎಂದು ಬರೆದವಳು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇದೇ ಸೂತ್ರದ ಲೆಕ್ಕವನ್ನು ಖಾಲಿ ಬಿಟ್ಟಿದ್ದಳು. ಅವಳಿಗೆ ಲೆಕ್ಕ ಬರುವುದಿಲ್ಲ ಎಂದೇ ನಾವು ತಿಳಿದಿದ್ದೆವು. ವೃತ್ತವೊಂದನ್ನು ಅವಳ ತೋಳುಗಳಿಗೆ ಮುಟ್ಟಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಸವಣೂರಿನ ಖಾರಾ ಕೊಳ್ಳದೆ ಬಸ್ಸು ಏರಲು ಯಾರೂ ಒಪ್ಪಲಿಲ್ಲ. ಲಕ್ಷ್ಮೇಶ್ವರಕ್ಕೆ ಬಂದಾಗ ಬಿಸಿಲು ಏರಿತ್ತು. ಸೋಮೇಶ್ವರ ದೇವಾಲಯದ ಪ್ರಾಕಾರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಮಕ್ಕಳು ಒಬ್ಬರ ರೊಟ್ಟಿಗೆ ಇನ್ನೊಬ್ಬರ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದಾಗ, ಈ ಊರಿನ ಹಳೆಯ ಹೆಸರು ಪುಲಿಗೆರೆ ಎಂದು ಹೇಳಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡಿನಲ್ಲಿ ಎನ್ನುತ್ತದೆ; ಪಂಪನೂ ತನ್ನ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡ. ಭಾಷಣ ಸ್ಪರ್ಧೆಗೆ ಬೆಂಗಳೂರಿಗೆ ಹೋಗಿದ್ದಾಗ "ನಿನ್ನ ಕನ್ನಡ ಸರಿ ಮಾಡಿಕೋ" ಎಂದು ಯಾರೋ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದಾನೆ. ಅವನು ತಿನ್ನುವುದನ್ನು ನಿಲ್ಲಿಸಿ, "ಹಂಗಾದ್ರ ಇಲ್ಲೀ ಮಾತ ತಿರುಳೇನ್ರೀ?" ಎಂದು ಕೇಳಿದ. ಸಾವಿರ ವರ್ಷಗಳಲ್ಲಿ ಭಾಷೆ ಬಹಳ ಬದಲಾಗಿದೆ ಎಂಬುದನ್ನೂ ಹೇಳಿದೆ. ಆದರೆ ಅವನಿಗೆ ಬೇಕಾದ ಮಾತು ಅವನಿಗೆ ಸಿಕ್ಕಿಬಿಟ್ಟಿತ್ತು.

ಮಾಗಡಿ ಕೆರೆಗೆ ಮೂರೂವರೆಯ ಹೊತ್ತಿಗೆ ತಲುಪಿದೆವು. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ 2024ರಲ್ಲಿ, ಜಗತ್ತಿನ ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸಾರ್ ತಾಣದ ಮನ್ನಣೆ ದೊರೆತಿದೆ. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಗಳಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಮೈಯೆಲ್ಲ ಬೂದಿ ಬಣ್ಣ. ಇವು 7,000 ಮೀಟರ್ ಎತ್ತರದಲ್ಲೂ ಹಾರಿದ್ದು ದಾಖಲಾಗಿದೆ. ಬಸ್ಸನ್ನು ದೂರದಲ್ಲೇ ನಿಲ್ಲಿಸಿ ಏರಿಯ ಮೇಲೆ ನಡೆದುಕೊಂಡು ಹೋದೆವು. ಕೆಂಪು, ಹಳದಿ ಅಂಗಿ ಬೇಡ ಎಂದು ಮೊದಲೇ ಹೇಳಿದ್ದೆವು. ಎರಡೇ ಬೈನಾಕ್ಯುಲರ್ ಇದ್ದವು. ಸರದಿ ಬರುವವರೆಗೆ ಮಕ್ಕಳು ಬರಿಗಣ್ಣಿನಲ್ಲೇ ನೋಡುತ್ತ ಕುಳಿತರು. ಆ ಕಾಯುವಿಕೆಯಿಂದ ಲಾಭವೇ ಆಯಿತು. ನೀರ ಅಂಚಿನಲ್ಲಿ ಮಲಗಿದ ಗುಂಪಿನ ಸುತ್ತ ಕತ್ತೆತ್ತಿ ನಿಂತಿರುವ ಒಂದೆರಡು ಹಕ್ಕಿಗಳು ಕಾವಲಿನವು ಎಂಬುದನ್ನು ಯಾರೂ ಹೇಳಿಕೊಡದೆ ಮಕ್ಕಳೇ ಕಂಡುಹಿಡಿದರು.

ಏರಿಯ ಆಚೆ ಹಿಂಗಾರಿ ಹೊಲ. ಎರೆಮಣ್ಣಿನಲ್ಲಿ ಕಡಲೆ ಗೇಣುದ್ದ ಬಂದಿತ್ತು. ಬದುವಿನ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರು ಮಕ್ಕಳನ್ನು ಕರೆದು ಮಾತಿಗೆ ಕೂತರು. "ಹಗಲೊತ್ತು ನೀರಾಗ ಇರ್ತಾವು. ಕತ್ತಲಾದ್ರ ಹೊಲಕ್ಕ ಇಳೀತಾವು. ಕಡ್ಲಿ ಕುಡಿ ಉಳಿಯಂಗಿಲ್ಲ" ಎಂದರು. ಹಾಗಾದರೆ ಓಡಿಸುವುದಿಲ್ಲವೇ ಎಂದು ಮಕ್ಕಳು ಕೇಳಿದರು. ಅವರು ಸ್ವಲ್ಪ ಹೊತ್ತು ಕೆರೆಯನ್ನು ನೋಡಿದರು. "ಓಡಸ್ತೀವಿ, ಡಬ್ಬಿ ಬಡಿದು. ಆದ್ರ ಇವು ಬರಲಿಲ್ಲಂದ್ರ ಆ ವರ್ಷ ಕೆರಿಗೆ ನೀರ ಬಂದಿಲ್ಲಂತನ ಅರ್ಥ. ಬರಬಾರದು ಅಂತ ಹೆಂಗ ಅನ್ನೂನು?"

ವಲಸೆಯ ಪಾಠವನ್ನು ನಾನು ಹಲವು ವರ್ಷ ಕಲಿಸಿದ್ದೇನೆ. ಆ ದಿನ ಏರಿಯ ಮೇಲೆ ಕುಳಿತ ಹುಡುಗನೊಬ್ಬ, "ಟೀಚರ, ನಮ್ಮಪ್ಪನೂ ಬ್ಯಾಸಿಗ್ಯಾಗ ಗೋವಾಕ್ಕ ದುಡಿಯಾಕ ಹೋಗ್ತಾನ. ಮಳಿ ಬಿದ್ದ ಮ್ಯಾಲೆ ಬರ್ತಾನ" ಎಂದ. ಸುತ್ತಲಿನ ನಾಲ್ಕೈದು ಮಕ್ಕಳು ತಮ್ಮ ಮನೆಯಲ್ಲೂ ಹಾಗೇ ಎಂದರು. ಇನ್ನೊಬ್ಬಳು, ಕೆರೆಗೆ ಜಗತ್ತಿನ ಮನ್ನಣೆ ಸಿಕ್ಕಿದೆ, ಕಡಲೆ ಕಳೆದುಕೊಂಡ ಈ ಅಜ್ಜನಿಗೆ ಏನು ಸಿಕ್ಕಿದೆ ಎಂದು ಕೇಳಿದಳು. ಪಠ್ಯಪುಸ್ತಕದ ಪ್ರಶ್ನೆಗಳಿಗೆ ಉತ್ತರ ಅದೇ ಪುಟದಲ್ಲಿ ಇರುತ್ತದೆ; ಈ ಪ್ರಶ್ನೆಯನ್ನು ಅವರು ಹಾಗೆಯೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಹೊತ್ತು ಮುಳುಗುವಾಗ ಮೊದಲ ಸಾಲು ಮೇಲೆದ್ದಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಆ ಕೂಗು ನಮ್ಮ ತಲೆಯ ಮೇಲೆ ಹಾದುಹೋದಾಗ 43 ಮಕ್ಕಳಲ್ಲಿ ಒಬ್ಬರೂ ಮಾತಾಡಲಿಲ್ಲ.

ರಾತ್ರಿ ಗದಗದಲ್ಲಿ, ಪರಿಚಯದ ಶಾಲೆಯೊಂದರ ಕೋಣೆಗಳಲ್ಲಿ ಜಮಖಾನೆ ಹಾಸಿ ತಂಗುವ ಮೊದಲು ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿದ್ದೆವು. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಈ ಆಶ್ರಮದಲ್ಲಿ ದೃಷ್ಟಿಯಿಲ್ಲದ ಮಕ್ಕಳು ಸಂಗೀತ ಕಲಿಯುತ್ತಾರೆ. ನಮ್ಮ ಮಕ್ಕಳದೇ ವಯಸ್ಸಿನ ಹುಡುಗನೊಬ್ಬ ಹಾರ್ಮೋನಿಯಂ ಮುಚ್ಚಿಟ್ಟು, "ಎಲ್ಲಿಂದ ಬಂದೀರಿ?" ಎಂದ. ಊರ ಹೆಸರು ಹೇಳಿದಾಗ, "ನಿಮ್ಮ ಊರಾಗ ಏನೇನು ಸಪ್ಪಳ ಕೇಳಸ್ತೈತಿ?" ಎಂದು ಕೇಳಿದ. ನಮ್ಮವರು ತಡವರಿಸಿದರು. ಗಿರಣಿ, ಟ್ರ್ಯಾಕ್ಟರು, ಗುಡಿಯ ಗಂಟೆ ಎಂದು ಮೂರು ಹೇಳಿ ನಿಂತರು. "ಅಷ್ಟನಾ?" ಎಂದ ಅವನು. ತಂಗುವ ಜಾಗಕ್ಕೆ ಮರಳುವ ದಾರಿಯುದ್ದಕ್ಕೂ ಮಕ್ಕಳು ಬೆರಳು ಮಡಚುತ್ತ ತಮ್ಮ ಊರಿನ ಸಪ್ಪಳಗಳನ್ನು ಎಣಿಸುತ್ತಲೇ ಇದ್ದರು.

ಎರಡನೆಯ ದಿನ, ಭಾನುವಾರ: ಗದಗ, ಲಕ್ಕುಂಡಿ

ಮನೆಯಲ್ಲಿ ತಾಯಿ ಎಬ್ಬಿಸಿ, ನೀರು ಕಾಯಿಸಿ ಕೊಡುವ ಮಕ್ಕಳು ಅಂದು ತಾವೇ ಎದ್ದು, ಹಾಸಿಗೆ ಸುತ್ತಿಟ್ಟು, ಎರಡೇ ನಲ್ಲಿಗಳಿದ್ದ ಜಾಗದಲ್ಲಿ ಜಗಳವಿಲ್ಲದೆ ಸರದಿ ನಿಂತರು. ರಾತ್ರಿ ಒಬ್ಬ ಹುಡುಗ ಮನೆ ನೆನೆಸಿಕೊಂಡು ಅತ್ತಿದ್ದ. ಅವನ ಪಕ್ಕದಲ್ಲಿ ಮಲಗಿದ್ದವನು ರಾತ್ರಿಯೆಲ್ಲ ಅವನ ಕೈ ಹಿಡಿದುಕೊಂಡೇ ಇದ್ದನೆಂದು ನನಗೆ ತಿಳಿದದ್ದು ಬೆಳಿಗ್ಗೆ.

ವೀರನಾರಾಯಣನ ಗುಡಿಗೆ ಬೆಳಗಿನ ಪೂಜೆಯ ಹೊತ್ತಿಗೇ ಹೋದೆವು. ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಒರಗಿ ಕುಳಿತು ಭಾರತ ಬರೆದನೆಂದು ಹೇಳುವ ಕಂಬಕ್ಕೆ ಮಕ್ಕಳು ಒಬ್ಬೊಬ್ಬರಾಗಿ ಬೆನ್ನು ತಾಗಿಸಿ ಕುಳಿತರು. ಅಲ್ಲಿಂದ ಹೊರಬಂದು ಬಿಸಿ ಮಿರ್ಚಿ ಭಜಿ, ಗಿರಮಿಟ್ಟು ತಿಂದು ಲಕ್ಕುಂಡಿಗೆ ಹೊರಟೆವು. ದಾರಿ 12 ಕಿಲೋಮೀಟರ್, ಎರಡೂ ಕಡೆ ಬಿಳಿಜೋಳ ತೆನೆ ಹಿರಿಯುತ್ತಿತ್ತು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅದಕ್ಕಾಗಿಯೇ ನಾವು ಶನಿವಾರ ಹೊರಟು ಭಾನುವಾರ ಇಲ್ಲಿರುವಂತೆ ಹೊಂದಿಸಿಕೊಂಡಿದ್ದೆವು.

ಲಕ್ಕುಂಡಿಯಲ್ಲಿ 101 ಗುಡಿ, 101 ಬಾವಿ ಎಂಬುದು ಜನರ ಮಾತು. ವಸ್ತುಸಂಗ್ರಹಾಲಯ ಬಿಟ್ಟರೆ ನಾವು ನೋಡಿದ್ದು ಮೂರೇ ಜಾಗ. ಬ್ರಹ್ಮ ಜಿನಾಲಯದಲ್ಲಿ ಎರಡು ಗಂಟೆ ಕುಳಿತೆವು. 1007ರಲ್ಲಿ ಇದನ್ನು ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ 1,000 ಓಲೆ ಪ್ರತಿಗಳನ್ನು ಬರೆಸಿ ಹಂಚಿದವಳೂ ಅವಳೇ. ತರಗತಿಯಲ್ಲಿ ಈ ವಾಕ್ಯವನ್ನು ಓದಿದಾಗ ಮಕ್ಕಳು ಅದರ ಕೆಳಗೆ ಗೆರೆ ಎಳೆದು ಮುಂದೆ ಹೋಗಿದ್ದರು. ಇಲ್ಲಿ, ಅವಳು ನಡೆದಾಡಿದ ನೆಲದ ಮೇಲೆ ಕುಳಿತಾಗ, ಒಬ್ಬಳು ಲೆಕ್ಕ ಹಾಕತೊಡಗಿದಳು: ಒಬ್ಬ ಲಿಪಿಕಾರ ಒಂದು ಪ್ರತಿಗೆ ಒಂದು ತಿಂಗಳು ತೆಗೆದುಕೊಂಡರೂ ಸಾವಿರ ಪ್ರತಿಗೆ 83 ವರ್ಷ ದಾಟುತ್ತದೆ, ಹಾಗಾದರೆ ಎಷ್ಟು ಜನರನ್ನು ಕೂರಿಸಿದ್ದಳು, ಅವರಿಗೆ ಊಟ ಯಾರು ಹಾಕುತ್ತಿದ್ದರು, ಅಷ್ಟು ಓಲೆಗರಿ ಎಲ್ಲಿಂದ ಬಂತು? ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಮಕ್ಕಳು ಬೇರೆ ಬೇರೆ ಉತ್ತರ ಕಟ್ಟಿದರು. ಇತಿಹಾಸದಲ್ಲಿ ಪ್ರಶ್ನೆಯನ್ನು ಹೀಗೆ ಹುಟ್ಟಿಸಿಕೊಳ್ಳುವುದನ್ನು ನಾನು ಕಪ್ಪು ಹಲಗೆಯ ಮುಂದೆ ನಿಂತು ಕಲಿಸಲು ಬಹಳ ಸಲ ಯತ್ನಿಸಿ ಸೋತಿದ್ದೇನೆ.

ಕಾಶಿವಿಶ್ವನಾಥ ಗುಡಿಯಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ಬಾಗಿಲುವಾಡದ ಕೆತ್ತನೆ ದಂತದಲ್ಲಿ ಕೊರೆದಂತಿದೆ. ಇಷ್ಟು ಸಣ್ಣ ಕೆಲಸ ಕಲ್ಲಿನಲ್ಲಿ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ವಿಜ್ಞಾನದ ಮಾಸ್ತರು ಬಳಪದ ಕಲ್ಲಿನ ಗುಣ ವಿವರಿಸಿದರು: ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಇಂಥ ಶಿಲೆಗಳ ವರ್ಗಕ್ಕೆ ಭೂವಿಜ್ಞಾನಿಗಳು ನಮ್ಮ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆಂದು ಕೇಳಿ ಮಕ್ಕಳ ಮುಖ ಅರಳಿತು. ವಸ್ತುಸಂಗ್ರಹಾಲಯದ ಕಲ್ಲುಗಳ ನಡುವೆ ವೀರಗಲ್ಲನ್ನು ಓದುವ ಬಗೆ ಹೇಳಿಕೊಟ್ಟೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಪೂಜೆ, ತುದಿಯಲ್ಲಿ ಸೂರ್ಯ ಚಂದ್ರ.

ಮುಸುಕಿನ ಬಾವಿಯ ಬಳಿ ನನ್ನ ಜೀವ ಬಾಯಿಗೆ ಬಂತು. ಬಸ್ಸಿನ ಹತ್ತಿರ ಉಳಿದಿದ್ದ ಒಬ್ಬಳನ್ನೂ ಸೇರಿಸಿ ಮಕ್ಕಳನ್ನು ಎಣಿಸಿದಾಗ 42. ಮತ್ತೆ ಎಣಿಸಿದೆ, 42. ಪ್ರತಿ ಮಗುವಿಗೂ ಒಬ್ಬ ಜೊತೆಗಾರನನ್ನು ಗೊತ್ತುಮಾಡಿದ್ದೆವು. ಆದರೆ ಆ ಹುಡುಗಿಯ ಜೊತೆಗಾರ್ತಿ ಕಾಲು ನೋವೆಂದು ಬಸ್ಸಿನ ಹತ್ತಿರ ಕುಳಿತಿದ್ದಾಗ ನಾನು ಬೇರೆ ಜೋಡಿ ಮಾಡಿಕೊಟ್ಟಿರಲಿಲ್ಲ. ಅದು ನನ್ನದೇ ತಪ್ಪು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಬಾವಿಯ ನೀರನ್ನು ನೋಡಿದ ಇಪ್ಪತ್ತು ನಿಮಿಷ ನಾನು ಮರೆಯುವಂಥದ್ದಲ್ಲ. ಕೊನೆಗೆ ಅವಳು ಒಬ್ಬ ಅಜ್ಜಿಯ ಕೈ ಹಿಡಿದುಕೊಂಡು ಓಣಿಯಿಂದ ಬಂದಳು. ನೀರು ಕೇಳಲು ಮನೆಯ ಬಾಗಿಲಿಗೆ ಹೋದವಳಿಗೆ ಅಜ್ಜಿ ಮಜ್ಜಿಗೆ ಕೊಟ್ಟು, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿದ್ದರು. ಅದರ ಒಂದು ಬದಿಗೆ ಹೂಬಳ್ಳಿಯ ಕೆತ್ತನೆ ಇತ್ತಂತೆ. "ಬೈಬ್ಯಾಡ್ರೀ ಬಾಯಿ, ನಾನ ಕುಂದರ್ಸಿದ್ದೆ" ಎಂದರು ಅಜ್ಜಿ. ನಾನು ಬೈಯಲಿಲ್ಲ, ಅವಳನ್ನು ತಬ್ಬಿಕೊಂಡೆ. ಅಂದಿನಿಂದ ಜೋಡಿ ಒಡೆದರೆ ಮೂವರ ಗುಂಪು ಮಾಡುವುದು, ಪ್ರತಿ ಜೇಬಿನಲ್ಲಿ ಶಿಕ್ಷಕರ ಮೊಬೈಲ್ ಸಂಖ್ಯೆಯ ಚೀಟಿ ಇಡುವುದು ನಮ್ಮ ನಿಯಮವಾಯಿತು.

ಮೂರನೆಯ ದಿನ, ಸೋಮವಾರ: ಹುಬ್ಬಳ್ಳಿಯ ಬೆಂಗೇರಿ

ಕೆಲಸ ನಡೆಯುವ ದಿನವೇ ಹೋಗಬೇಕೆಂದು ಬೆಂಗೇರಿಯನ್ನು ಸೋಮವಾರಕ್ಕೆ ಇಟ್ಟುಕೊಂಡು, ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದೆವು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಈ ಘಟಕದಲ್ಲಿ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರದೊಂದಿಗೆ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಬಟ್ಟೆ ಬಾಗಲಕೋಟೆ ಜಿಲ್ಲೆಯಿಂದ ನೇಯ್ದು ಬರುತ್ತದೆ. ಇಲ್ಲಿ ಬಣ್ಣ, ಚಕ್ರದ ಮುದ್ರಣ, ಹೊಲಿಗೆ. ಒಂಬತ್ತು ಅಳತೆಗಳಲ್ಲಿ ಯಾವುದೇ ಇರಲಿ, ಉದ್ದ ಅಗಲ 3:2ರ ಪ್ರಮಾಣದಲ್ಲೇ ಇರಬೇಕು. ಚಕ್ರದ 24 ಕಡ್ಡಿಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಹಿಂದೆ ಒಂದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು.

ಕೆಲಸದಲ್ಲಿ ಇದ್ದವರು ಬಹುಪಾಲು ಹೆಣ್ಣುಮಕ್ಕಳು. ಆಗಸ್ಟ್ 15ರಂದು ನಮ್ಮ ಶಾಲೆಯಲ್ಲಿ ಧ್ವಜದ ಹಗ್ಗ ಎಳೆಯುವ ಹುಡುಗ ಹೊಲಿಗೆ ಯಂತ್ರದ ಬಳಿ ಬಹಳ ಹೊತ್ತು ನಿಂತು, "ಹೊಲಗಿ ತಪ್ಪಿದ್ರ ಏನ್ ಮಾಡ್ತೀರಿ?" ಎಂದು ಕೇಳಿದ. "ಬಿಚ್ಚತೀವಿ, ಮತ್ತ ಹೊಲೀತೀವಿ. ಇದರಾಗ ನಡೀತೈತಿ ಅನ್ನೂದ ಇಲ್ಲಪಾ" ಎಂದರು ಆಕೆ, ಯಂತ್ರದಿಂದ ಕಣ್ಣು ತೆಗೆಯದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಾದುದನ್ನು ನಾನು ತರಗತಿಯಲ್ಲಿ ಹೇಳಿದ್ದೆ. ಆಗ ಅದು ಒಂದು ಸುದ್ದಿಯಾಗಿತ್ತು. ಇಲ್ಲಿ ಆ ಬೆರಳುಗಳನ್ನು ನೋಡಿದ ಮೇಲೆ, ನಮ್ಮ ಶಾಲೆಯ ಧ್ವಜ ಯಾವ ಬಟ್ಟೆಯದು ಎಂದು ಮಕ್ಕಳೇ ವಿಚಾರಿಸಿದರು. ಅದರ ಉತ್ತರ ನನಗೂ ತಿಳಿದಿರಲಿಲ್ಲ. ಊರಿಗೆ ಹೋದ ಕೂಡಲೇ ಪೆಟ್ಟಿಗೆ ತೆಗೆದು ನೋಡೋಣವೆಂದು ಒಪ್ಪಿಕೊಂಡೆ. ಹೊರಬರುವಾಗ ಒಬ್ಬಳು ಟಿಪ್ಪಣಿ ಪುಸ್ತಕ ತೋರಿಸಿದಳು. "ಸಪ್ಪಳ" ಎಂಬ ಶೀರ್ಷಿಕೆಯ ಕೆಳಗೆ ಹೆಬ್ಬಾತು, ಹಾರ್ಮೋನಿಯಂ, ಬಾವಿಗೆ ಕೊಡ ತಾಗಿದ್ದು, ಹೊಲಿಗೆ ಯಂತ್ರ ಎಂದು ಸಾಲಾಗಿ ಬರೆದಿದ್ದಳು.

ಊಟ ಮುಗಿಸಿ ಹೆದ್ದಾರಿ ಹಿಡಿದೆವು. ಜಗತ್ತಿನ ಅತಿ ಉದ್ದದ, 1,507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮ್ ನೋಡಬೇಕೆಂಬ ಮಕ್ಕಳ ಆಸೆಯನ್ನು ಹೊತ್ತಾದ ಕಾರಣಕ್ಕೆ ನಡೆಸಿಕೊಡಲಾಗಲಿಲ್ಲ. ಬಂಕಾಪುರ ದಾಟುವಷ್ಟರಲ್ಲಿ ಬಸ್ಸಿನ ತುಂಬ ನಿದ್ದೆ. ಕತ್ತಲಾಗುವ ಹೊತ್ತಿಗೆ ಊರು ತಲುಪಿದೆವು. ಸಭೆಯಲ್ಲಿ ಎದ್ದು ನಿಂತಿದ್ದ ಆ ಪಾಲಕರು ಮಗಳನ್ನು ಕರೆದೊಯ್ಯಲು ಬಂದಿದ್ದರು. ಅವಳು ಸೈಕಲ್ ಹತ್ತುವ ಮೊದಲೇ, "ಅಪ್ಪಾ, ನೀ ಉಳ್ಳಾಗಡ್ಡಿ ಮಾರಾಕ ಹೋಗ್ತೀಯಲ್ಲ, ಅಲ್ಲಿಂದ ಬರೇ 12 ಕಿಲೋಮೀಟರ್..." ಎಂದು ಶುರುಮಾಡಿದ್ದಳು.

ಬುಧವಾರ ಪ್ರಾರ್ಥನೆ ಮುಗಿದ ಮೇಲೆ, ಲಕ್ಕುಂಡಿಯಲ್ಲಿ ಕಾಣೆಯಾಗಿದ್ದ ಹುಡುಗಿ ನನ್ನ ಬಳಿ ಬಂದಳು. ಅವರ ಓಣಿಯ ಹನುಮಪ್ಪನ ಗುಡಿಯ ಹಿಂದೆ ಎಮ್ಮೆಗಳು ಮೈ ತಿಕ್ಕುವ ಒಂದು ಕಲ್ಲಿದೆಯಂತೆ, ಅದರಲ್ಲಿ ಮೂರು ಪಟ್ಟಿಕೆ ಇವೆಯಂತೆ, ಕೆಳಗಿನದು ಮಣ್ಣಿನಲ್ಲಿ ಹೂತಿದೆಯಂತೆ. ಹನ್ನೊಂದು ವರ್ಷ ಅದೇ ದಾರಿಯಲ್ಲಿ ಶಾಲೆಗೆ ಬಂದಿರುವ ನಾನು ಅದನ್ನು ನೋಡಿಯೇ ಇರಲಿಲ್ಲ. ಶನಿವಾರ ಮಧ್ಯಾಹ್ನ ಮಕ್ಕಳು ಕೊಡದಲ್ಲಿ ನೀರು, ತೆಂಗಿನ ನಾರು ತಂದರು. ಕಲ್ಲಿನ ಮೇಲಿನ ಸಗಣಿ, ಮಣ್ಣು ಕರಗಿ ಇಳಿದಂತೆ ಮೊದಲು ಚಂದ್ರ ಕಂಡ, ಆಮೇಲೆ ಸೂರ್ಯ. ಬುಡದ ಮಣ್ಣನ್ನು ಕೈಯಿಂದಲೇ ಬಿಡಿಸುತ್ತಿದ್ದ ಹುಡುಗ ನಿಂತು, "ಟೀಚರ, ಕುದುರಿ!" ಎಂದು ಕೂಗಿದ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು, ಕಟ್ಟೆಯ ಮೇಲೆ ಕುಳಿತಿದ್ದವರು ಎದ್ದು ಬಂದು ಸುತ್ತ ನಿಂತರು. ಆ ಹುಡುಗಿ ಕೆಳಗಿನ ಪಟ್ಟಿಕೆಯಿಂದ ಶುರುಮಾಡಿ ಅವರಿಗೆ ಕಲ್ಲನ್ನು ಓದಿ ಹೇಳತೊಡಗಿದಳು.